ದಕ್ಷಿಣದ ನೀಲಿ ಚುಕ್ಕಿ ಮತ್ತು ವೈನು ಬಾಪು



ನಮ್ಮ ಕಟ್ಟಾಯದಲ್ಲಿ ರಾತ್ರಿ ಕರೆಂಟ್ ಹೋದರೆ ಎಲ್ಲರೂ ಜಗಲಿಗೆ ಬಂದು ಕೂರುತ್ತೇವೆ. ಬೇಜಾರು ಮಾಡ್ಕೊಳ್ಳೋ ಬದಲು ಒಂದು ಸಲ ದಕ್ಷಿಣಕ್ಕೆ ತಿರುಗಿ ನೋಡಿ. ಮಾರ್ಚ್ ತಿಂಗಳ ಮಧ್ಯದಲ್ಲಿ ರಾತ್ರಿ 9 ಗಂಟೆಗೆ ಅಲ್ಲಿ ಅಗಸ್ತ್ಯ ನಕ್ಷತ್ರ ಚೆನ್ನಾಗಿ ಹೊಳೆಯುತ್ತಿರುತ್ತದೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿಯಿರಿ. ಅಗಸ್ತ್ಯನಿಂದ ಎಡಗಡೆಗೆ ಸುಮಾರು ಎರಡು ಮುಷ್ಟಿ ದೂರದಲ್ಲಿ, ಸ್ವಲ್ಪ ಮೇಲೆ, ನೀಲಿ-ಬಿಳಿ ಚುಕ್ಕಿಯೊಂದು ಕಾಣುತ್ತದೆ. ಅದರ ಹೆಸರು ಗಾಮಾ ವೆಲೋರಮ್. ಈ ಚುಕ್ಕಿಯ ಗುಟ್ಟು ಹುಡುಕಿದವರಲ್ಲಿ ನಮ್ಮ ದೇಶದ ಒಬ್ಬ ದೊಡ್ಡ ವಿಜ್ಞಾನಿಯೂ ಇದ್ದರು. ಅವರೇ ವೈನು ಬಾಪು. ಅವರ ಜೀವನ ತಿಳಿಯೋಣ.

ಬಾಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಹಾಗಾಗಿ ಹುಡುಗನಿಗೆ ಚಿಕ್ಕಂದಿನಿಂದಲೇ ದೂರದರ್ಶಕದ ನಂಟು. ಓದುವ ದಿನಗಳಲ್ಲೇ ಅವರು ಬೆಳಕು ಏರಿಳಿಯುವ ನಕ್ಷತ್ರಗಳನ್ನು ನೋಡಿ ಲೆಕ್ಕ ಬರೆದಿಡುತ್ತಿದ್ದರು.

ಮುಂದೆ ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. 1949ರಲ್ಲಿ ಆಕಾಶದ ಫೋಟೋ ಒಂದನ್ನು ನೋಡುವಾಗ ಹೊಸ ಧೂಮಕೇತು ಅವರ ಕಣ್ಣಿಗೆ ಬಿತ್ತು. ಅದಕ್ಕೆ ಬಾಪು-ಬಾಕ್-ನ್ಯೂಕಿರ್ಕ್ ಅಂತ ಹೆಸರಾಯಿತು. ಆಗ ಅವರಿಗೆ ಇನ್ನೂ 22 ತುಂಬಿರಲಿಲ್ಲ! 1952ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ನಂತರ ಪಾಲೊಮಾರ್‌ನ ದೊಡ್ಡ ದೂರದರ್ಶಕದಲ್ಲಿ ಕೆಲಸ ಮಾಡುವ ಅವಕಾಶ ಸಿಕ್ಕಿತು. ಅಲ್ಲಿ ಓಲಿನ್ ವಿಲ್ಸನ್ ಎಂಬುವರ ಜೊತೆ ಸೇರಿ, ನಕ್ಷತ್ರದ ಬೆಳಕಿನಲ್ಲಿರುವ ಒಂದು ಗೆರೆಯ ಅಗಲ ಅಳೆದು ಅದರ ನಿಜವಾದ ಪ್ರಕಾಶ ಎಷ್ಟೆಂದು ಹೇಳುವ ದಾರಿ ಕಂಡುಹಿಡಿದರು. 1957ರಲ್ಲಿ ಪ್ರಕಟವಾದ ಇದನ್ನು ವಿಲ್ಸನ್-ಬಾಪು ಪರಿಣಾಮ ಎನ್ನುತ್ತಾರೆ.

ಅಲ್ಲೇ ಇದ್ದಿದ್ದರೆ ಸುಖವಾಗಿ ಇರಬಹುದಿತ್ತು. ಜಗತ್ತಿನ ಅತಿ ದೊಡ್ಡ ದೂರದರ್ಶಕ ಇದ್ದದ್ದೇ ಅಲ್ಲಿ. ನಮ್ಮಲ್ಲಿ ಆಗ ಅಂಥದ್ದು ಒಂದೂ ಇರಲಿಲ್ಲ. ಆದರೂ ಬಾಪು 1953ರಲ್ಲಿ ವಾಪಸ್ ಬಂದುಬಿಟ್ಟರು. ಉತ್ತರ ಪ್ರದೇಶದಲ್ಲಿ ಹೊಸ ವೀಕ್ಷಣಾಲಯ ಕಟ್ಟುವ ಕೆಲಸಕ್ಕೆ ನಿಂತು, ಅದನ್ನು ನೈನಿತಾಲ್‌ನಲ್ಲಿ ನೆಲೆಗೊಳಿಸಿದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು.

ಇಲ್ಲೇ ನಮ್ಮ ನೀಲಿ ಚುಕ್ಕಿಯ ಕತೆ ಬರುವುದು. ಹಾರ್ವರ್ಡ್ ಇರುವ ಊರಿನಿಂದ ನೋಡಿದರೆ ಈ ಚುಕ್ಕಿ ನೆಲದ ಅಂಚು ಬಿಟ್ಟು ಮೇಲೇಳುವುದೇ ಇಲ್ಲ ಅನ್ನಬಹುದು. ಕೊಡೈಕನಾಲ್‌ನಿಂದ ಮೂರು ಮುಷ್ಟಿಗಿಂತ ಎತ್ತರಕ್ಕೆ ಬರುತ್ತದೆ. ನಮ್ಮೂರಿನಿಂದ ಸರಿಯಾಗಿ ಮೂರು ಮುಷ್ಟಿ. ಅಂದ್ರೆ ಹಣವಿದ್ದ ದೇಶದವರಿಗೆ ಕಾಣದ್ದು ನಮಗೆ ಮನೆ ಬಾಗಿಲಲ್ಲೇ ಕಾಣುತ್ತೆ!

ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಗಾಗುತ್ತದೆ, ಇನ್ನೂ ಕಾದರೆ ಬೆಳ್ಳಗಾಗುತ್ತದೆ. ನಕ್ಷತ್ರ ಅದಕ್ಕಿಂತ ಎಷ್ಟೋ ಪಾಲು ಕಾದರೆ ನೀಲಿ-ಬಿಳಿ ಬಣ್ಣ. ಸೂರ್ಯನ ಮೈ ಶಾಖ ಸುಮಾರು 5,500 ಡಿಗ್ರಿ. ಗಾಮಾ ವೆಲೋರಮ್‌ನದು 30,000 ಡಿಗ್ರಿಗೂ ಹೆಚ್ಚು. ಅದು ನಮ್ಮಿಂದ ಸುಮಾರು 1,100 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಬೆಳಕು ತುಸು ತುಸು ಬದಲಾಗುತ್ತಿರುತ್ತದೆ. ಬರಿಗಣ್ಣಿಗೆ ಇದು ತಿಳಿಯುವುದಿಲ್ಲ. ನಿಜ ಹೇಳಬೇಕೆಂದರೆ ಅದು ಒಂದಲ್ಲ, ಎರಡು ನಕ್ಷತ್ರ. ಒಂದನ್ನೊಂದು ಸುತ್ತುತ್ತವೆ. ನಕ್ಷತ್ರ ನಮ್ಮ ಕಡೆ ಬರುವಾಗ ಅದರ ಬೆಳಕಿನ ಗೆರೆಗಳು ನೀಲಿ ಕಡೆಗೆ, ದೂರ ಹೋಗುವಾಗ ಕೆಂಪು ಕಡೆಗೆ ಸರಿಯುತ್ತವೆ. ಹೀಗೆ ಗೆರೆಗಳನ್ನು ಅಳೆದು, ಒಂದು ಸುತ್ತಿಗೆ 78.5 ದಿನ ಬೇಕು ಅಂತ ಬಾಪು ಮತ್ತು ಕೆ.ಎಸ್. ಗಣೇಶ್ 1967ರಲ್ಲಿ ತಿಳಿಸಿದರು.

ಬಾಪು ತಮಿಳುನಾಡಿನ ಜವಾದಿ ಬೆಟ್ಟದ ಕಾಡಿನಲ್ಲಿ ಕವಲೂರು ಎಂಬ ಜಾಗ ಹುಡುಕಿದರು. 1968ರಲ್ಲಿ ನಮ್ಮವರೇ ಮಾಡಿದ 38 ಸೆಂಟಿಮೀಟರ್ ದೂರದರ್ಶಕ ಅಲ್ಲಿ ಕೆಲಸ ಶುರು ಮಾಡಿತು. 1972ರಲ್ಲಿ ಒಂದು ಮೀಟರಿನದು ಬಂತು. 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಆರಂಭವಾಯಿತು, ಮುಂದೆ ಅದರ ಕೇಂದ್ರ ನಮ್ಮ ಬೆಂಗಳೂರಿಗೆ ಬಂತು. 1979ರಲ್ಲಿ ಬಾಪು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. 1981ರಲ್ಲಿ ಪದ್ಮಭೂಷಣ ಬಂತು.

ಅವರಿಗೆ ಒಂದೇ ಆಸೆ ಉಳಿದಿತ್ತು. ನಮ್ಮ ದೇಶದಲ್ಲೇ ತಯಾರಾದ ದೊಡ್ಡ ದೂರದರ್ಶಕ ಬೇಕು. ಅದರ ಕನ್ನಡಿ 2.34 ಮೀಟರ್ ಅಗಲ, ಅಂದ್ರೆ ಏಳೂವರೆ ಅಡಿಗೂ ಜಾಸ್ತಿ. ಅದನ್ನು ಉಜ್ಜಿ ನಯ ಮಾಡಿದ್ದು ಬೆಂಗಳೂರಿನಲ್ಲೇ. ಆದರೆ ಕೆಲಸ ಮುಗಿಯುವ ಮೊದಲೇ, 1982ರ ಆಗಸ್ಟ್ 19ರಂದು, ಹೃದಯದ ಆಪರೇಷನ್ ಆದ ಮೇಲೆ ಜರ್ಮನಿಯ ಮ್ಯೂನಿಕ್‌ನಲ್ಲಿ ಬಾಪು ತೀರಿಕೊಂಡರು. ವಯಸ್ಸು ಬರೀ 55. 1986ರ ಜನವರಿಯಲ್ಲಿ ಆ ದೂರದರ್ಶಕಕ್ಕೆ ಅವರ ಹೆಸರನ್ನೇ ಇಟ್ಟರು. ಇಷ್ಟು ಕಷ್ಟಪಟ್ಟವರು ಅದರಲ್ಲಿ ಒಂದು ರಾತ್ರಿಯೂ ನೋಡಲಾಗಲಿಲ್ಲ ಎಂಬುದೇ ದುಃಖ.

ಅವರು ತೀರಿಹೋದ ಆ 1982ರಲ್ಲೇ ನಮ್ಮ ಹಾಸನದಲ್ಲಿ ಉಪಗ್ರಹಗಳ ನಿಯಂತ್ರಣ ಕೇಂದ್ರ ಶುರುವಾಯಿತು. ಆಕಾಶದ ಕೆಲಸ ದೂರದ ದೇಶದವರದ್ದು ಮಾತ್ರ ಅಂತ ನಾವು ತಿಳಿಯಬಾರದು. ಗೆಳೆಯರೇ, ತಾನು ನೆಟ್ಟ ಮರದ ಹಣ್ಣು ತನಗೇ ಸಿಗಬೇಕೆಂದು ಬಾಪು ಕಾಯಲಿಲ್ಲ. ಬರುವ ಮಾರ್ಚ್‌ನಲ್ಲಿ ಮೂರು ಮುಷ್ಟಿ ಎಣಿಸಿ ನೀಲಿ ಚುಕ್ಕಿ ಹುಡುಕಿ. ಸಿಕ್ಕಿದವರು ಮಾರನೇ ದಿನ ತರಗತಿಯಲ್ಲಿ ತಪ್ಪದೆ ಹೇಳಿ.