ಬೆಳಕಿನಲ್ಲಿ ಪರಮಾಣುವಿನ ಸ್ಥಿತಿ ಓದಿದ ಮೇಘನಾದ ಸಾಹಾ

ಮೇಘನಾದ ಸಾಹಾ ಹುಟ್ಟಿದ್ದು 1893ರ ಅಕ್ಟೋಬರ್ 6ರಂದು, ಈಗಿನ ಬಾಂಗ್ಲಾದೇಶದ ಢಾಕಾ ಹತ್ತಿರದ ಸಿಯೋರತಾಲಿ ಎಂಬ ಹಳ್ಳಿಯಲ್ಲಿ. ತಂದೆ ಜಗನ್ನಾಥ ಸಾಹಾ ಅವರದು ಸಣ್ಣ ದಿನಸಿ ಅಂಗಡಿ, ಮನೆಯಲ್ಲಿ ಎಂಟು ಮಕ್ಕಳು. ಪ್ರಾಥಮಿಕ ಶಾಲೆ ಮುಗಿದ ಮೇಲೆ ಮಗ ಅಂಗಡಿಯಲ್ಲಿ ಕೂರಲಿ ಎಂಬುದು ತಂದೆಯ ಇಷ್ಟ. ಮುಂದಿನ ಶಾಲೆ ಇದ್ದದ್ದು ಸುಮಾರು 10 ಕಿ.ಮೀ. ದೂರದ ಸಿಮುಲಿಯಾದಲ್ಲಿ. ಬಿಕ್ಕೋಡಿನಿಂದ ಬೇಲೂರಿಗೆ ದಿನಾ ನಡೆದು ಹೋಗಿಬರುವುದನ್ನು ನೆನೆಸಿಕೊಂಡರೆ ಕಷ್ಟ ಅರ್ಥವಾಗುತ್ತದೆ. ಅನಂತ ಕುಮಾರ್ ದಾಸ್ ಎಂಬ ವೈದ್ಯರು ಅಲ್ಲಿ ಅವರಿಗೆ ಊಟ, ವಸತಿ ಕೊಟ್ಟರು. ಹುಡುಗ ತನ್ನ ಪಾತ್ರೆ ತಾನೇ ತೊಳೆದು, ಹಸು ನೋಡಿಕೊಳ್ಳಬೇಕಿತ್ತು.

1905ರಲ್ಲಿ ವಿದ್ಯಾರ್ಥಿವೇತನ ಪಡೆದು ಢಾಕಾ ಸೇರಿದರು. ಅದು ಬಂಗಾಳ ವಿಭಜನೆಯ ವರ್ಷ. ಗವರ್ನರ್ ಭೇಟಿಯನ್ನು ಬಹಿಷ್ಕರಿಸಿದವರಲ್ಲಿ ಇವರೂ ಇದ್ದುದರಿಂದ ಶಾಲೆಯೂ ಹೋಯಿತು, ವಿದ್ಯಾರ್ಥಿವೇತನವೂ ಹೋಯಿತು. ಬೇರೆ ಶಾಲೆಯಲ್ಲಿ ಓದಿ, 1911ರಲ್ಲಿ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿಗೆ ಬಂದರು. ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರೇ ಅವರ ಗುರುಗಳು. ಸತ್ಯೇಂದ್ರನಾಥ ಬೋಸ್ ಸಹಪಾಠಿ. ಹಾಸ್ಟೆಲಿನಲ್ಲಿ ಮಾತ್ರ, ಜಾತಿಯ ಕಾರಣಕ್ಕೆ ಕೆಲವರು ಇವರ ಜೊತೆ ಕುಳಿತು ಉಣ್ಣಲು ಒಪ್ಪಲಿಲ್ಲ.

ಅವರ ದೊಡ್ಡ ಕೆಲಸ ತಿಳಿಯಲು ನಮ್ಮ ಪ್ರಥಮ ಪಿಯುಸಿಯ ಪಾಠವೇ ಸಾಕು. ಸೋಡಿಯಂನ 11 ಎಲೆಕ್ಟ್ರಾನ್‌ಗಳು ಅತಿ ಕಡಿಮೆ ಶಕ್ತಿಯ ಜಾಗಗಳಲ್ಲಿದ್ದಾಗ ವಿನ್ಯಾಸ 1ಎಸ್² 2ಎಸ್² 2ಪಿ⁶ 3ಎಸ್¹. ಇದು ಗ್ರೌಂಡ್ ಸ್ಟೇಟ್, ಅಂದರೆ ತಳಸ್ಥಿತಿ. ಕೊನೆಯಲ್ಲಿ 3ಎಸ್ ಬದಲು 3ಪಿ¹ ಇದ್ದರೆ ಒಟ್ಟು ಲೆಕ್ಕ 11ಏ, ಆದರೆ ಪರಮಾಣು ಉತ್ತೇಜಿತ ಸ್ಥಿತಿಯಲ್ಲಿದೆ. ಆ ಎಲೆಕ್ಟ್ರಾನ್ ಮತ್ತೆ 3ಎಸ್‌ಗೆ ಇಳಿಯುವಾಗ ಬರುವ ಬೆಳಕೇ ಲ್ಯಾಬಿನ ಬರ್ನರ್ ಜ್ವಾಲೆಗೆ ಉಪ್ಪು ಹಾಕಿದಾಗ ಕಾಣುವ ಹಳದಿ. ಲೆಕ್ಕ 10ಕ್ಕೆ ಇಳಿದರೆ ಅದು ಅಯಾನು. (ಕ್ರೋಮಿಯಂನ 3ಡಿ⁵ 4ಎಸ್¹ ನೋಡಿ ಉತ್ತೇಜಿತ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ, ಅದು ತಳಸ್ಥಿತಿಯೇ.)

ನಕ್ಷತ್ರಗಳ ಪರಮಾಣುಗಳಲ್ಲಿ ಎಷ್ಟು ಪಾಲು ಯಾವ ಸ್ಥಿತಿಯಲ್ಲಿದೆ ಎಂದು ಲೆಕ್ಕ ಹಾಕುವುದು ಹೇಗೆ? ಕಲ್ಕತ್ತಾದಲ್ಲಿ ಉಪನ್ಯಾಸಕರಾಗಿದ್ದ ಸಾಹಾ 1920ರಲ್ಲಿ ಇದಕ್ಕೆ ಸಮೀಕರಣ ಕೊಟ್ಟರು. ತಾಪ ಹೆಚ್ಚಿದಷ್ಟೂ ಎಲೆಕ್ಟ್ರಾನ್ ಕಳಚಿಕೊಳ್ಳುತ್ತದೆ ಎಂಬುದು ಸುಲಭದ ಮಾತು. ಒತ್ತಡವೂ ಮುಖ್ಯ ಎಂದು ತೋರಿಸಿದ್ದು ಅವರ ಹೆಚ್ಚುಗಾರಿಕೆ. ಅನಿಲ ತೆಳುವಾಗಿದ್ದರೆ ಕಳಚಿದ ಎಲೆಕ್ಟ್ರಾನಿಗೆ ಮತ್ತೆ ಸೇರಲು ಅಯಾನು ಸುಲಭಕ್ಕೆ ಸಿಗುವುದಿಲ್ಲ. ಸೂರ್ಯನ ವರ್ಣಗೋಳದ ಮೇಲ್ಭಾಗದಲ್ಲಿ ಕ್ಯಾಲ್ಸಿಯಂ ಅಯಾನಿನ ಗೆರೆಗಳು ಎದ್ದು ಕಾಣುವುದು ಇದರಿಂದ. ರುಬಿಡಿಯಂ ಸೂರ್ಯನಲ್ಲಿ ಕಾಣುತ್ತಿರಲಿಲ್ಲ. ಅದರ ಹೊರಗಿನ ಎಲೆಕ್ಟ್ರಾನ್ ಬೇಗ ಕಳಚುತ್ತದೆ, ತಂಪಾದ ಸೌರಕಲೆಗಳಲ್ಲಿ ಹುಡುಕಿ ಎಂದು ಸಾಹಾ ಸೂಚಿಸಿದರು. ಅಮೆರಿಕದ ರಸೆಲ್ ಅಲ್ಲಿಯೇ ಅದನ್ನು ಕಂಡರು. ಹೈಡ್ರೋಜನ್‌ನ ಕಣ್ಣಿಗೆ ಕಾಣುವ ಗೆರೆಗಳು ಮೂಡಲು ಎಲೆಕ್ಟ್ರಾನ್ ಮೊದಲೇ ಎರಡನೇ ಮಟ್ಟಕ್ಕೆ ಏರಿರಬೇಕು. ಸೂರ್ಯನಲ್ಲಿ ಹಾಗೆ ಏರಿದವು ತೀರಾ ಕಡಿಮೆ. ಈ ಲೆಕ್ಕವನ್ನೇ ಬಳಸಿ ಸಿಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಅತಿ ಹೆಚ್ಚು ಎಂಬ ಫಲಿತಾಂಶಕ್ಕೆ ಬಂದರು.

ಸಾಹಾ 1923ರಲ್ಲಿ ಅಲಹಾಬಾದಿನಲ್ಲಿ ಪ್ರಾಧ್ಯಾಪಕರಾದರು, 1927ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ನೊಬೆಲ್‌ಗೆ ಹಲವು ಬಾರಿ ಹೆಸರು ಹೋಯಿತು, ಬಹುಮಾನ ಬರಲಿಲ್ಲ. ದೇಶಕ್ಕೊಂದು ವಿಜ್ಞಾನ ಅಕಾಡೆಮಿ ಕಟ್ಟುವ ವಿಷಯದಲ್ಲಿ ಸಿ.ವಿ. ರಾಮನ್ ಅವರೊಂದಿಗೆ ಒಮ್ಮತವಾಗಲಿಲ್ಲ. ರಾಮನ್ 1934ರಲ್ಲಿ ಬೆಂಗಳೂರಿನಲ್ಲೇ ತಮ್ಮ ಅಕಾಡೆಮಿ ಆರಂಭಿಸಿದರು. ಸಾಹಾ 1952ರಲ್ಲಿ ಲೋಕಸಭೆಗೆ ಬಂದರು, ರಾಷ್ಟ್ರೀಯ ಪಂಚಾಂಗದ ಸಮಿತಿಯ ಅಧ್ಯಕ್ಷರಾಗಿ ದುಡಿದರು.

1956ರ ಫೆಬ್ರುವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಆಗ ಅವರಿಗೆ 62 ವರ್ಷ.