ಕಲ್ಲುಕಣಿವೆಯ ಬೋಧಕರಾದ ಓಬರ್ಲಿನ್ ಅಯ್ಯನವರು

ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದು ಪ್ರಶ್ನೆಯು ಆಗಾಗ್ಗೆ ಏಳುವದುಂಟು. ಆತ್ಮಗಳ ರಕ್ಷಣೆಯನ್ನು ಸಾರುವದಕ್ಕೆ ನೇಮಿಸಲ್ಪಟ್ಟ ಬೋಧಕನು ದಾರಿ, ಸೇತುವೆ, ಸಾಲೆ, ಸಾಲ ಮೊದಲಾದ ಲೋಕದ ಕಾರ್ಯಗಳಿಗೆ ಕೈಹಾಕುವದು ತಕ್ಕದ್ದೋ? ಇದಕ್ಕೆ ತರ್ಕದಿಂದ ಉತ್ತರ ಕೊಡುವದಕ್ಕಿಂತ, ಒಬ್ಬ ದೈವಭಕ್ತರ ಜೀವಿತವನ್ನು ನಿಮ್ಮ ಮುಂದೆ ಇಡುವದು ಲೇಸೆಂದು ನಾವು ಎಣಿಸುತ್ತೇವೆ.

ಯೋಹಾನ್ ಫ್ರೆಡ್ರಿಕ್ ಓಬರ್ಲಿನರು 1740ನೆಯ ಇಸವಿ ಆಗಸ್ಟ್ 31ರಂದು ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ಪಾಠಶಾಲೆಯ ಉಪಾಧ್ಯಾಯರು. ಓಬರ್ಲಿನರು ಅದೇ ಪಟ್ಟಣದಲ್ಲಿ ದೇವಶಾಸ್ತ್ರವನ್ನು ಕಲಿತು, ಅಟ್ಟದ ಮೇಲಣ ಬಡ ಕೋಣೆಯೊಂದರಲ್ಲಿ ವಾಸಿಸುತ್ತಿದ್ದಾಗ, 1767ರಲ್ಲಿ ಸ್ಟೂಬರ್ ಎಂಬ ಬೋಧಕರು ಅವರನ್ನು ಹುಡುಕಿಕೊಂಡು ಬಂದರು. ತನ್ನ ಬೆಟ್ಟದ ಸಭೆಗೆ, ಬಡತನಕ್ಕೆ ಅಂಜದ ಒಬ್ಬ ಕುರುಬನು ಬೇಕೆಂಬದೇ ಅವರ ಬಿನ್ನಹವಾಗಿತ್ತು. ಓಬರ್ಲಿನರು ಈ ಕರೆಯನ್ನು ದೇವರಿಂದ ಬಂದದ್ದೆಂದು ತಿಳಿದು, ಅದೇ ವರುಷದಲ್ಲಿ ವಾಲ್ಡರ್ಸ್‌ಬಾಖ್ ಎಂಬ ಊರಿಗೆ ಹೋದರು.

ಆ ಸೀಮೆಗೆ ಜರ್ಮನ್ ಭಾಷೆಯಲ್ಲಿ ಸ್ಟೈನ್‌ಟಾಲ್, ಅಂದರೆ ಕಲ್ಲುಕಣಿವೆ ಎಂದು ಹೆಸರು. ವೋಜ್ ಎಂಬ ಪರ್ವತಗಳ ನಡುವೆ ಐದಾರು ಚಿಕ್ಕ ಹಳ್ಳಿಗಳು. ದೀರ್ಘವಾದ ಚಳಿಗಾಲ, ತೆಳುವಾದ ಮಣ್ಣು, ಹೊರಗಿನವರಿಗೆ ತಿಳಿಯದ ಒಂದು ಆಡುಮಾತು. ಬ್ರೂಶ್ ಎಂಬ ಹೊಳೆಯನ್ನು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬೇಕಾಗಿತ್ತು. ನೀರೇರಿದರೆ ಅಥವಾ ಹಿಮ ಸುರಿದರೆ ಆ ದಾರಿಯೂ ಮುಚ್ಚಿಹೋಗುವದು. ಬೆಳೆದದ್ದನ್ನು ಮಾರುವ ಪೇಟೆಯು ದೂರ. ಮುರಿದ ನೇಗಿಲನ್ನು ಸರಿಮಾಡುವ ಕಮ್ಮಾರನೂ ದೂರ. ಹೀಗಿರಲಾಗಿ ಹೆಚ್ಚಾಗಿ ಬೆಳೆಯುವದರಿಂದ ಲಾಭವೇನೆಂದು ಜನರು ಕೈಕಟ್ಟಿ ಕೂತಿದ್ದರು. ಸ್ಟೂಬರರು ಮೊದಲು ಅಲ್ಲಿಗೆ ಬಂದು ಸಾಲೆಯನ್ನು ವಿಚಾರಿಸಿದಾಗ, ಗಲಾಟೆ ಮಾಡುವ ಮಕ್ಕಳ ನಡುವೆ ಮಂಚದ ಮೇಲೆ ಮಲಗಿದ್ದ ಒಬ್ಬ ಮುದುಕನೇ ಉಪಾಧ್ಯಾಯನೆಂದು ತಿಳಿದುಬಂತಂತೆ. ಅವನು ಹಿಂದೆ ಊರಿನ ಹಂದಿಗಳನ್ನು ಕಾಯುತ್ತಿದ್ದವನು. ಹಂದಿ ಕಾಯಲು ಶಕ್ತಿ ಸಾಲದಾದಾಗ ಮಕ್ಕಳನ್ನು ಕಾಯಲು ಹಾಕಿದ್ದರು!

ಓಬರ್ಲಿನ್ ಅಯ್ಯನವರು ಜನರನ್ನು ಕೂಡಿಸಿ, ಬಂಡೆಗಳನ್ನು ಒಡೆದು ಸ್ಟ್ರಾಸ್‌ಬರ್ಗಿನ ಹೆದ್ದಾರಿಗೆ ದಾರಿ ಮಾಡೋಣ, ಹೊಳೆಗೆ ಸೇತುವೆ ಕಟ್ಟೋಣ ಎಂದು ಬೇಡಿದರು. ಇದು ಆಗದ ಕೆಲಸವೆಂದು ಎಲ್ಲರೂ ತಲೆಯಾಡಿಸಿದರು. ಆಗ ಅಯ್ಯನವರು ಮತ್ತೊಂದು ಮಾತಾಡದೆ, ಗುದ್ದಲಿಯನ್ನು ಹೆಗಲಿಗೇರಿಸಿ, ನಂಬಿಗಸ್ತನಾದ ಒಬ್ಬ ಆಳನ್ನು ಕರೆದುಕೊಂಡು ಹೋಗಿ ತಾವೇ ಅಗೆಯತೊಡಗಿದರು. ಬೋಧಕರ ಕೈಗಳಿಗೆ ಮುಳ್ಳು ಚುಚ್ಚುವದನ್ನೂ ಕಲ್ಲು ಬಡಿಯುವದನ್ನೂ ನೋಡಿ ಜನರು ನಾಚಿ ಒಬ್ಬೊಬ್ಬರಾಗಿ ಹಿಂಬಾಲಿಸಿದರು. ಅಯ್ಯನವರು ಅತಿ ಕಠಿಣವಾದ ಸ್ಥಳವನ್ನು ತಮಗೇ ಇಟ್ಟುಕೊಂಡರು. ಪಟ್ಟಣದ ಸ್ನೇಹಿತರು ಹಣವನ್ನೂ ಸಲಕರಣೆಗಳನ್ನೂ ಕಳುಹಿಸಿದರು. ದಾರಿಯಾಯಿತು, ಜರಿಯುವ ಮಣ್ಣಿಗೆ ಗೋಡೆಯಾಯಿತು, ರೋತೋ ಎಂಬ ಊರಿನ ಬಳಿ ಹೊಳೆಗೆ ಸೇತುವೆಯೂ ಆಯಿತು. ಅದಕ್ಕೆ ಪ್ರೀತಿಯ ಸೇತುವೆ ಎಂದು ಹೆಸರಿಟ್ಟರು.

ಆದರೆ ದಾರಿಯೊಂದೇ ಜನರನ್ನು ಎತ್ತಲಾರದೆಂದು ಅವರು ಬಲ್ಲರು. ಸಲಕರಣೆಗಳನ್ನು ತರಿಸಿ, ಕೊಂಡ ಬೆಲೆಗೇ ಕೊಟ್ಟು, ಹಣವನ್ನು ಕಂತುಗಳಲ್ಲಿ ತೀರಿಸಗೊಟ್ಟರು. ಸಾಲದ ನಿಧಿಯೊಂದನ್ನು ಸ್ಥಾಪಿಸಿ, ವಾಯಿದೆಗೆ ಸರಿಯಾಗಿ ತೀರಿಸದವನಿಗೆ ಕೆಲವು ಕಾಲದ ತನಕ ಮತ್ತೆ ಸಾಲವಿಲ್ಲವೆಂದು ಕಟ್ಟಳೆ ಮಾಡಿದರು. ಚುರುಕಾದ ಹುಡುಗರನ್ನು ಸ್ಟ್ರಾಸ್‌ಬರ್ಗಿಗೆ ಕಳುಹಿಸಿ ಬಡಗಿ, ಕಮ್ಮಾರ, ಗಾರೆಯವ ಮೊದಲಾದವರ ಕಸುಬುಗಳನ್ನು ಕಲಿಸಿದರು. ಕೆಟ್ಟುಹೋಗಿದ್ದ ಬಟಾಟೆಗೆ ಬದಲಾಗಿ ಹೊಸ ಬೀಜವನ್ನು ತರಿಸಿದರು. ಗೊಬ್ಬರ ಮಾಡುವ ಕ್ರಮವನ್ನು ಮೊದಲು ತಮ್ಮ ಹೊಲದಲ್ಲಿಯೇ ಮಾಡಿ ತೋರಿಸಿದರು. ಯಾಕಂದರೆ ಒಕ್ಕಲಿಗನು ಕಿವಿಗಿಂತ ಕಣ್ಣನ್ನು ನಂಬುವನು. ಸ್ಥಿರೀಕರಣಕ್ಕೆ ಬರುವ ಪ್ರತಿ ಹುಡುಗನೂ ಹುಡುಗಿಯೂ ಎರಡು ಮರಗಳನ್ನು ನೆಟ್ಟಿರಬೇಕೆಂಬದೂ ಅವರ ನೇಮವೇ.

ಸಾಲೆಯ ವಿಷಯದಲ್ಲಿ ವಿರೋಧವು ಇನ್ನೂ ಹೆಚ್ಚಾಗಿತ್ತು. ಖರ್ಚು ಊರಿನ ಮೇಲೆ ಬೀಳುವದೆಂದು ಜನರು ಅಂಜಿದಾಗ, ಆ ಭಾರವನ್ನು ಅವರ ಮೇಲೆ ಹೊರಿಸುವದಿಲ್ಲವೆಂದು ಅಯ್ಯನವರು ಮಾತುಕೊಟ್ಟು ಕಟ್ಟಿಸಿದರು. ತಂದೆತಾಯಿಗಳು ಹೊಲಕ್ಕೆ ಹೋದಾಗ ಎಳೆಮಕ್ಕಳು ಬೀದಿಯಲ್ಲಿ ಅಲೆಯದಂತೆ, ಸಾರಾ ಬಾನ್‌ಜೆ ಮೊದಲಾದ ಯೌವನಸ್ಥೆಯರು ಅವರನ್ನು ಬೆಚ್ಚಗಿನ ಕೋಣೆಗಳಲ್ಲಿ ಕೂಡಿಸಿ ಹೆಣಿಗೆ, ಹಾಡು, ಗಿಡಮೂಲಿಕೆಗಳ ಹೆಸರು, ವೇದದ ಕಥೆಗಳನ್ನು ಕಲಿಸಿದರು. ಈಗ ಲೋಕದಲ್ಲೆಲ್ಲಾ ಇರುವ ಶಿಶುಶಾಲೆಗಳಿಗೆ ಇವು ಮುಂಬೆಳಗಿನಂತಿದ್ದವು. ಬಡ ಒಕ್ಕಲ ಮಗಳಾದ ಲೂಯಿಸ್ ಶೆಪ್ಲರ್ ಎಂಬವಳು ಹದಿನೈದರ ಪ್ರಾಯದಲ್ಲಿ ಅಯ್ಯನವರ ಮನೆಯ ಕೆಲಸಕ್ಕೆ ಬಂದು ಈ ಸೇವೆಗೆ ಸೇರಿದಳು. ಅಮ್ಮನವರು ತೀರಿಹೋದ ಮೇಲೆ ಸಂಬಳವನ್ನು ಒಲ್ಲದೆ ಆ ಮನೆಯ ಮಕ್ಕಳಿಗೆ ತಾಯಂತಾದಳು. 1829ರಲ್ಲಿ ಫ್ರಾನ್ಸಿನ ವಿದ್ವಾಂಸರ ಸಭೆಯು ಸದ್ಗುಣಕ್ಕಾಗಿ ಕೊಡುವ ಬಹುಮಾನವನ್ನು ಈ ಸೇವಕಿಗೆ ಕೊಟ್ಟಿತು.

ಎಲ್ಲರೂ ಅವರನ್ನು ಮೊದಲಿನಿಂದ ಪ್ರೀತಿಸಿದರೆಂದು ತಿಳಿಯಬೇಡಿರಿ. ಒಂದು ಆದಿತ್ಯವಾರ ಕೆಲವರು ಅವರನ್ನು ದಾರಿಯಲ್ಲಿ ಹಿಡಿದು ಹೊಡೆಯಲು ಹೊಂಚುಹಾಕಿದರು. ಇದನ್ನು ತಿಳಿದ ಅಯ್ಯನವರು ಕೇಡನ್ನು ಸೈರಿಸುವ ವಿಷಯದಲ್ಲಿಯೇ ಪ್ರಸಂಗ ಮಾಡಿ, ನೆಟ್ಟಗೆ ಆ ವೈರಿಗಳು ಕೂಡಿದ್ದ ಮನೆಗೆ ಹೋಗಿ, ಅಡಗಿ ಹಿಡಿಯುವ ಪಾಪವು ಅವರಿಗೆ ಬಾರದಂತೆ ತಾವೇ ಬಂದಿರುವದಾಗಿ ತಿಳಿಸಿದರು. ಅವರು ತಲೆತಗ್ಗಿಸಿ ಕ್ಷಮೆ ಬೇಡಿದರು.

ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಆರಾಧನೆಯು ನಿಷೇಧಿಸಲ್ಪಟ್ಟು, 1794ರಲ್ಲಿ ಅಯ್ಯನವರೂ ಸೆರೆಯಾದರು. ರೊಬೆಸ್ಪಿಯರನು ಬಿದ್ದ ಮೇಲೆ ಬಿಡುಗಡೆಯಾಯಿತು. ಆಮೇಲೆ ಬೇರೊಂದು ಕಷ್ಟ ಬಂತು. ಕೈಯಿಂದ ಹತ್ತಿ ನೂಲುವ ಕೆಲಸವು ಅನೇಕ ಕುಟುಂಬಗಳಿಗೆ ಅನ್ನ ಕೊಡುತ್ತಿತ್ತು. ನೂಲುವ ಯಂತ್ರಗಳು ಬಂದಾಗ ಅದು ಬಿದ್ದುಹೋಯಿತು. ದಾರಿಯು ನಮ್ಮ ಸರಕನ್ನು ಹೊರಗೆ ಒಯ್ಯುವಂತೆ ಹೊರಗಿನ ಸ್ಪರ್ಧೆಯನ್ನು ಒಳಗೂ ತರುವದಷ್ಟೆ. ಆದರೆ ದಾರಿ ಇದ್ದದರಿಂದಲೂ, ಓದಿ ಕೆಲಸ ಕಲಿತ ಜನರಿದ್ದದರಿಂದಲೂ ಹೊಸ ಕಸುಬು ಅಲ್ಲಿಗೆ ಬರಲು ಸಾಧ್ಯವಾಯಿತು. ಬಾಸೆಲ್ ಪಟ್ಟಣದ ಲೆಗ್ರಾನ್ ಎಂಬ ಭಕ್ತ ವರ್ತಕರು ತಮ್ಮ ರೇಷ್ಮೆಪಟ್ಟಿಯ ನೇಯ್ಗೆಯನ್ನು ಫೂಡೇ ಎಂಬ ಹಳ್ಳಿಗೆ ತಂದು, ತಂದೆತಾಯಿ ಮಕ್ಕಳು ಒಂದೇ ಮಾಡಿನಡಿ ದುಡಿಯುವಂತೆ ಮನೆಮನೆಗೆ ಮಗ್ಗಗಳನ್ನು ಕೊಟ್ಟರು. ಬಹುಕಾಲದಿಂದ ಹಳ್ಳಿಗಳನ್ನು ತಿನ್ನುತ್ತಿದ್ದ ಕಾಡಿನ ವ್ಯಾಜ್ಯವೂ 1813ರಲ್ಲಿ ಅಯ್ಯನವರ ಸಂಧಾನದಿಂದ ತೀರಿತು.

1826ನೆಯ ಇಸವಿ ಜೂನ್ 1ರಂದು, 85ನೆಯ ಪ್ರಾಯದಲ್ಲಿ, ಸುಮಾರು 59 ವರುಷ ಒಂದೇ ಸಭೆಯನ್ನು ಮೇಯಿಸಿದ ಈ ಕುರುಬರು ಕರ್ತನಲ್ಲಿ ನಿದ್ರೆಹೋದರು. ಫೂಡೇ ಊರಿನ ಸಮಾಧಿಗೆ ಅವರನ್ನು ಒಯ್ಯುವಾಗ ರೋಮನ್ ಕಥೊಲಿಕರೂ ಕೂಡಿ ಅತ್ತರು. ಸಮಾಧಿಯ ಶಿಲುಬೆಯಲ್ಲಿ ಪಪ್ಪಾ ಓಬರ್ಲಿನ್ ಎಂದು ಬರೆಯಲ್ಪಟ್ಟಿದೆ.

ಪ್ರಿಯರೇ, ಅದೇ ಬಾಸೆಲ್ ಪಟ್ಟಣದ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದು, ಸುವಾರ್ತೆಯೊಂದಿಗೆ ಸಾಲೆ, ಮಗ್ಗ, 1865ರಿಂದ ಹೆಂಚಿನ ಕಾರ್ಖಾನೆಗಳನ್ನೂ ಕೊಟ್ಟದ್ದನ್ನು ನಾವು ಮರೆಯಬಾರದು. ಆದರೆ ಕೊಡುವವರು ಬರಲೆಂದು ಕಾದುಕೊಂಡಿರುವದು ಕಲ್ಲುಕಣಿವೆಯ ಪಾಠವಲ್ಲ. ಅಲ್ಲಿ ಹಣವು ಪಟ್ಟಣದಿಂದ ಬಂದರೂ ಬಂಡೆಯನ್ನು ಒಡೆದದ್ದು ಸಭೆಯವರ ತೋಳುಗಳೇ. ಸಾಲೆಯಿಲ್ಲದ ದಾರಿಯು ಕೂಲಿಯಾಳನ್ನು ಮಾತ್ರ ಹೊರಗೆ ಕಳುಹಿಸುವದು. ದಾರಿಯಿಲ್ಲದ ಸಾಲೆಯು ಕಲಿತವನನ್ನು ಊರಿಗೆ ಮರಳಗೊಡದು. ನಂಬಿಗಸ್ತಿಕೆಯಿಲ್ಲದ ಸಾಲವು ಎರಡನ್ನೂ ಕೆಡಿಸುವದು. ಈ ಮಳೆಗಾಲ ಕಳೆದ ಮೇಲೆ ನಮ್ಮ ದೇವಾಲಯಕ್ಕೆ ಬರುವ ಕಾಲುದಾರಿಯನ್ನು ನೋಡೋಣ. ವಿಧವೆಯೂ ಅನ್ಯಮತದ ನೆರೆಯವನೂ ಅದೇ ದಾರಿಯಲ್ಲಿ ನಡೆಯುತ್ತಾರಲ್ಲಾ. ಗುದ್ದಲಿಯನ್ನು ಮೊದಲು ಎತ್ತುವವರು ಯಾರು? ಕರ್ತನು ನಮಗೆ ಅಂಥಾ ಮನಸ್ಸನ್ನು ಅನುಗ್ರಹಿಸಲಿ.