ರಿಚರ್ಡ್ ಕಿಂಗ್ ಮತ್ತು ಅವನ ದನಗಾಹಿಗಳು

ಅಮೆರಿಕೆಯ ದನಗಾಹಿ ಎಂದೊಡನೆ ಕುದುರೆಯೇರಿ ಹಗ್ಗ ಬೀಸುವ ಕೌಬಾಯ್ ನಮ್ಮ ಕಣ್ಣ ಮುಂದೆ ನಿಲ್ಲುತ್ತಾನೆ. ಅವನಿಗೆ ಆ ವಿದ್ಯೆಯನ್ನು ಕಲಿಸಿದವರು ಮೆಕ್ಸಿಕೋದ ವಕೇರೋಗಳು. ಸ್ಪ್ಯಾನಿಷ್ ಭಾಷೆಯಲ್ಲಿ ‘ವಾಕಾ’ ಎಂದರೆ ಆಕಳು. ವಕೇರೋ ಎಂದರೆ ದನ ಕಾಯುವವನು. ಇವರ ಬಲದಿಂದಲೇ ಟೆಕ್ಸಾಸ್ ಪ್ರಾಂತದಲ್ಲಿ ಪ್ರಖ್ಯಾತವಾದ ದನಗಳ ಕಾವಲನ್ನು ಸ್ಥಾಪಿಸಿದವನು ರಿಚರ್ಡ್ ಕಿಂಗ್.

ಕಿಂಗನು 1824ನೆಯ ಇಸವಿ ಜುಲೈ 10ರಂದು ನ್ಯೂಯಾರ್ಕ್ ನಗರದಲ್ಲಿ ಬಡ ಐರಿಷ್ ದಂಪತಿಗಳಿಗೆ ಜನಿಸಿದನು. ಎಳವೆಯಲ್ಲಿಯೇ ಅವನನ್ನು ಆಭರಣಕಾರನೊಬ್ಬನ ಬಳಿ ಕೆಲಸಕ್ಕೆ ಬಿಟ್ಟಿದ್ದರು. ಅದನ್ನು ಸೈರಿಸದೆ ಹನ್ನೊಂದರ ಪ್ರಾಯದಲ್ಲಿ ಹಡಗಿನೊಳಗೆ ಅಡಗಿ ಕುಳಿತು ದಕ್ಷಿಣದ ಮೊಬೀಲ್ ಬಂದರಿಗೆ ಓಡಿಹೋದನು. ಉಗಿದೋಣಿಗಳಲ್ಲಿ ದುಡಿದು ಕಪ್ತಾನನಾದನು. 1847ರಲ್ಲಿ ಮೆಕ್ಸಿಕೋ ಯುದ್ಧದ ನಿಮಿತ್ತ ರಿಯೋ ಗ್ರಾಂಡೆ ನದಿಗೆ ಬಂದನು.

1853ರಲ್ಲಿ ಅವನು 15,500 ಎಕರೆ ನೆಲವನ್ನು ಕೇವಲ 300 ಡಾಲರುಗಳಿಗೆ ಕೊಂಡನು. ಇಷ್ಟು ಅಗ್ಗವಾಗಲು ಕಾರಣವುಂಟು. ಯುದ್ಧದಲ್ಲಿ ಸೋತ ಮೆಕ್ಸಿಕೋ ಆ ಸೀಮೆಯ ಮೇಲಿನ ಹಕ್ಕನ್ನು 1848ರಲ್ಲಿ ಬಿಟ್ಟುಕೊಟ್ಟಿತ್ತು. ಹಳೆಯ ಹಿಡುವಳಿದಾರರ ಸ್ಥಿತಿ ಅತಂತ್ರವಾಗಿತ್ತು. ಕಿಂಗನ ಸಾಹಸವನ್ನು ಹೊಗಳುವವರು ಇದನ್ನು ಮರೆಯಲಾಗದು.

ನೆಲ ದೊರೆಯಿತು, ದನ ಬೇಕು, ದನವನ್ನು ಬಲ್ಲ ಜನ ಬೇಕು. 1854ರಲ್ಲಿ ಮೆಕ್ಸಿಕೋದ ತಮೌಲಿಪಾಸ್ ಪ್ರಾಂತದ ಕ್ರುಯಿಯಾಸ್ ಎಂಬ ಹಳ್ಳಿ ಕ್ಷಾಮದಿಂದ ಬಳಲುತ್ತಿತ್ತು. ಕಿಂಗನು ಊರ ದನಗಳನ್ನೆಲ್ಲ ಕೊಂಡು ಹಿಂದಿರುಗುತ್ತಿದ್ದನು. ದಾರಿಯಲ್ಲಿ ಅವನಿಗೆ ಯೋಚನೆ ಹತ್ತಿತು: ದನವನ್ನೂ ಕಳೆದುಕೊಂಡ ಮೇಲೆ ಆ ಜನ ಬದುಕುವ ಬಗೆ ಹೇಗೆ? ಹಿಂದಕ್ಕೆ ತಿರುಗಿ, ತನ್ನೊಡನೆ ಬಂದರೆ ಮನೆ, ಅನ್ನ, ಕೂಲಿ ಕೊಡುವೆನೆಂದನು. ನೂರಕ್ಕೂ ಮಿಕ್ಕ ಜನ ಮಕ್ಕಳುಮರಿ, ಗಂಟುಮೂಟೆಗಳೊಡನೆ ಹೊರಟರು. ಆ ಮನೆತನಗಳು ಪೀಳಿಗೆಯಿಂದ ಪೀಳಿಗೆಗೆ ಹೇಳಿಕೊಂಡು ಬಂದಿರುವ ವೃತ್ತಾಂತವಿದು. ಅವರಿಗೆ ‘ಕಿನೇನ್ಯೋ’, ಅಂದರೆ ಕಿಂಗನ ಜನ, ಎಂಬ ಹೆಸರಾಯಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಆ ಪ್ರಯಾಣವನ್ನು ಬಣ್ಣಿಸಿ ತಿಳಿಸಬೇಕಾದುದಿಲ್ಲ.

ಅವರು ಬರಿಗೈಯವರಲ್ಲ. ಹಸಿ ತೊಗಲಿನ ಎಳೆಗಳನ್ನು ಹೆಣೆದ ‘ರಿಯಾತಾ’ ಹಗ್ಗ, ಮುಳ್ಳುಪೊದೆಗಳಿಂದ ಕಾಲನ್ನು ಕಾಯುವ ‘ಚಾಪರೇರಾ’ ಎಂಬ ತೊಗಲಿನ ಕವಚ, ಕಾಡುಕುದುರೆಯನ್ನು ಪಳಗಿಸುವ ಜಾಣ್ಮೆ ಇವೆಲ್ಲ ಅವರೊಡನೆ ಬಂದವು. ಬಡವನು ವಲಸೆ ಹೋದರೆ ಅವನ ನುಡಿ ಅಳಿಯುವುದೆಂದು ಅಂಜುತ್ತೇವೆ. ಟೆಕ್ಸಾಸಿನಲ್ಲಿಯಾದರೋ ವಕೇರೋಗಳ ಮಾತುಗಳೇ ಒಡೆಯರ ಇಂಗ್ಲಿಷನ್ನು ಹೊಕ್ಕವು: ರಿಯಾತಾ ‘ಲ್ಯಾರಿಯಟ್’ ಆಯಿತು, ಚಾಪರೇರಾ ‘ಚ್ಯಾಪ್ಸ್’ ಆಯಿತು, ‘ರೋಡಿಯೋ’ ಹಾಗೆಯೇ ಉಳಿಯಿತು. ಆದರೆ ನೆಲದ ಒಡೆತನ ಅವರದಾಗಲಿಲ್ಲ.

1885ನೆಯ ಇಸವಿ ಏಪ್ರಿಲ್ 14ರಂದು ಸ್ಯಾನ್ ಆಂಟೋನಿಯೋದಲ್ಲಿ ಕಿಂಗನು ತೀರಿಕೊಂಡನು. ಆಗ ಕಾವಲು 6 ಲಕ್ಷ ಎಕರೆಯನ್ನು ಮೀರಿತ್ತು. ಸಾಲವೂ ಸುಮಾರು 5 ಲಕ್ಷ ಡಾಲರುಗಳಷ್ಟಿತ್ತು. ಪತ್ನಿ ಹೆನ್ರಿಯೆಟ್ಟಾ ಅಳಿಯನ ನೆರವಿನಿಂದ ಎಲ್ಲವನ್ನೂ ಉಳಿಸಿ ಬೆಳೆಸಿದಳು. 1925ರಲ್ಲಿ ಆಕೆಯ ಅಂತ್ಯಯಾತ್ರೆಗೆ ಸುಮಾರು 200 ವಕೇರೋಗಳು ಕುದುರೆಗಳ ಮೇಲೆ ಬಂದರು. ಟೋಪಿಗಳನ್ನು ತೆಗೆದು, ತೆರೆದ ಸಮಾಧಿಯನ್ನು ಒಂದು ಸುತ್ತು ಬಳಸಿ, ದನಗಳ ಕಡೆಗೆ ಹಿಂದಿರುಗಿದರು.